ಬಿದ್ದ ಕನ್ನಡಿಗೆ ಹಣೆಬರಹ ಹೊಣೆಯಲ್ಲ



ಈ ತಿಂಗಳ ಪತ್ರಿಕೆಗೆ ಬಚ್ಚಲಮನೆಯ ಕನ್ನಡಿಯನ್ನು ಕುರಿತು ಬರೆಯುತ್ತೇನೆ ಎಂದಾಗ ನಮ್ಮ ಸಹವಾಸದ ಹಿರಿಯರೊಬ್ಬರು ನಕ್ಕುಬಿಟ್ಟರು. “ಏನಪ್ಪಾ, ಕೂಲಿ ಸಾಲದು, ಗುತ್ತಿಗೆಯವರನ್ನು ಕಾಯಂ ಮಾಡುವುದಿಲ್ಲ, ಹುಡುಗರಿಗೆ ಕೆಲಸವಿಲ್ಲ. ಇಷ್ಟೆಲ್ಲ ಇರುವಾಗ ನಿನಗೆ ಕನ್ನಡಿಯೇ ಸಿಕ್ಕಿತೇ?” ಎಂದರು. ನಗುವ ವಿಷಯವೇ ಸರಿ. ಆದರೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಾಜು ಗೋಡೆಯಿಂದ ಕಳಚಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹೆಣ್ಣುಮಗಳ ಮೇಲೆ ಬಿದ್ದುದನ್ನು ಕಣ್ಣಾರೆ ಕಂಡವನು ನಗಲಾರ. ನಾನು ಕಂಡವನು. ಕಂಡದ್ದು ಮಾತ್ರವಲ್ಲ, ಆ ಕನ್ನಡಿಯನ್ನು ಗೋಡೆಗೆ ಹಾಕಿದ ಕೈ ನನ್ನದೇ. ಆದ್ದರಿಂದ ಬರೆಯುತ್ತೇನೆ.

ಬಚ್ಚಲ ವಿಷಯ ಸಣ್ಣದೆಂದು ಹೇಳುವವರಿಗೆ ಮೊದಲು ಒಂದು ಮಾತು. 2025ರ ನವೆಂಬರಿನಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ನಾಗಮಂಗಲದ ಬಳಿ, ದುಡಿಯುವ ಹೆಣ್ಣುಮಕ್ಕಳ ವಸತಿನಿಲಯದ ಬಚ್ಚಲಲ್ಲಿ ಗುಪ್ತ ಕ್ಯಾಮೆರಾ ಇಟ್ಟದ್ದು ಬಯಲಾದಾಗ ಆ ಮಕ್ಕಳು ಸುಮ್ಮನೆ ಅಳುತ್ತಾ ಕೂರಲಿಲ್ಲ. ಗುಂಪುಗುಂಪಾಗಿ ಹೊರಗೆ ಬಂದು ನ್ಯಾಯ ಕೇಳಿದರು. ಮನುಷ್ಯನು ಬಟ್ಟೆ ಕಳಚಿ, ಚಪ್ಪಲಿ ಬಿಟ್ಟು, ಕಣ್ಣಿಗೆ ಸೋಪು ಹಚ್ಚಿಕೊಂಡು, ಯಾವ ಕಾವಲೂ ಇಲ್ಲದೆ ನಿಲ್ಲುವ ಜಾಗ ಅದು. ಅಲ್ಲಿ ಅವನ ಮಾನಕ್ಕೂ ಮೈಗೂ ರಕ್ಷಣೆ ಇರಬೇಕಾದದ್ದು ಹೊಟ್ಟೆಗೆ ಅನ್ನ ಇರಬೇಕಾದಷ್ಟೇ ಅವಶ್ಯ.

ಹೊಸೂರು ಹೇಗೆ ಬೆಳೆಯಿತೆಂಬುದನ್ನು ನಾವು ನೋಡಿದ್ದೇವೆ. 1971ರಲ್ಲಿ ಸಿಪ್ಕಾಟ್ ಸ್ಥಾಪನೆಯಾದ ಮೇಲೆ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಎಸ್ಟೇಟು ಎದ್ದಿತು. ಲಾರಿ, ಬೈಕು, ಗಡಿಯಾರ ಮಾಡುವ ಕಾರ್ಖಾನೆಗಳು ಬಂದವು. ತಳಿ, ಬಾಗಲೂರು ಕಡೆ ಗುಲಾಬಿ ತೋಟಗಳು ಬಂದವು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆಯಾಯಿತು, 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಈಗ ಎಲ್ಲಿ ನೋಡಿದರೂ ವಸತಿನಿಲಯ, ಬಾಡಿಗೆ ಲೈನು, ಲಾಡ್ಜು, ಕಲ್ಯಾಣ ಮಂಟಪ. ಒಂದೊಂದರ ಕೈತೊಳೆಯುವ ಜಾಗದಲ್ಲೂ ಗೋಡೆಯುದ್ದದ ಕನ್ನಡಿ. ಈ ಕನ್ನಡಿಗಳನ್ನು ಹೊತ್ತು, ತೂತು ಕೊರೆದು, ಗೋಡೆಗೆ ಹಾಕುವವರು ಯಾರು? ಕೆಲಮಂಗಲದಿಂದ, ಡೆಂಕಣಿಕೋಟೆಯಿಂದ, ಶೂಲಗಿರಿಯಿಂದ ಬೆಳಗಿನ ಬಸ್ಸಿಗೆ ಬರುವ ನಮ್ಮ ಹುಡುಗರು. ಅವುಗಳ ಕೆಳಗೆ ದಿನವೂ ಮುಖ ತೊಳೆಯುವವರು, ಒರೆಸುವವರು, ನೆಲ ತಿಕ್ಕುವವರು ಯಾರು? ನಮ್ಮ ಹೆಣ್ಣುಮಕ್ಕಳು. ಹಾಕುವ ಕೈಯೂ ನಮ್ಮದು, ಬಿದ್ದರೆ ಕೊಯ್ಯುವ ಕಾಲೂ ನಮ್ಮದು. ನಡುವಿನ ಲಾಭ ಮಾತ್ರ ಬೇರೆಯವರದು. ಹೀಗಿರುವಾಗ ಇದು ನಮ್ಮ ಪತ್ರಿಕೆಗೆ ತಕ್ಕ ವಿಷಯವಲ್ಲವೆಂದು ಹೇಗೆ ಹೇಳುತ್ತೀರಿ?

ನಾನು ಮಾಡಿದ ತಪ್ಪು

1998ರಲ್ಲಿ ನಾನು ಗಾರೆ ಕೆಲಸದಲ್ಲಿ ಕೈ ಪಳಗಿದ ಹೊಸಬ. ಒಂದು ಕಾರ್ಖಾನೆಯ ಅತಿಥಿಗೃಹದಲ್ಲಿ ಟೈಲ್ಸು ಕೂರಿಸುವ ಕೆಲಸ ನಡೆದಿತ್ತು. ಮಾರನೆಯ ದಿನ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಸಂಜೆ ಆರು ಗಂಟೆಗೆ ಟೆಂಪೋದಲ್ಲಿ ಕನ್ನಡಿ ಬಂತು. ಗುತ್ತಿಗೆದಾರರು, “ಇವತ್ತೇ ಹಾಕಿ ಮುಗಿಸು, ನಾಳೆ ಬೆಳಿಗ್ಗೆ ಬೀಗದ ಕೈ ಒಪ್ಪಿಸಬೇಕು” ಎಂದರು. “ಸಾರ್, ಉದ್ದ ಸ್ಕ್ರೂ ಇಲ್ಲ, ಒಂದು ಇಂಚಿನದು ಮಾತ್ರ ಇದೆ” ಎಂದೆ. “ನಾಲ್ಕು ಹೊಡಿ, ಹಿಂದೆ ಒಂದಿಷ್ಟು ಅಂಟು ಬಳಿ, ಆನೆ ಎಳೆದರೂ ಬರೋದಿಲ್ಲ” ಎಂದರು. ನನಗೆ ತಿಳಿಯದೆ ಇರಲಿಲ್ಲ. ಆದರೆ ಕೊನೆಯ ಬಸ್ಸು ತಪ್ಪೀತೆಂಬ ಚಿಂತೆ, ಮುಂದಿನ ವಾರ ಕೆಲಸಕ್ಕೆ ಕರೆಯದಿದ್ದರೆ ಎಂಬ ಹೆದರಿಕೆ. ಹೊಡೆದೆ. ಬಳಿದೆ. ಹೋದೆ.

ಏಳು ತಿಂಗಳು ಅದು ನಿಂತಿತ್ತು. ಮಳೆಗಾಲದಲ್ಲಿ, ಅದೇ ಕಟ್ಟಡದಲ್ಲಿ ನಾನು ಬೇರೆ ಕೆಲಸ ಮಾಡುತ್ತಿದ್ದಾಗ, ಒಂದು ಬೆಳಿಗ್ಗೆ ಆ ಸದ್ದು ಕೇಳಿತು. ಕನ್ನಡಿ ಒರೆಸುತ್ತಿದ್ದ ಅಕ್ಕನ ಪಾದದ ಮೇಲ್ಭಾಗ ನರದವರೆಗೆ ಕೊಯ್ದಿತ್ತು. ಬಿಳಿ ಟೈಲ್ಸಿನ ಮೇಲೆ ರಕ್ತ ನೀರಿನೊಡನೆ ಹರಿದು ಬಚ್ಚಲ ತೂತಿಗೆ ಹೋಗುತ್ತಿತ್ತು. ಆಕೆ ಉಳಿದಳು, ಆದರೆ ಹೆಬ್ಬೆರಳು ಮತ್ತೆ ಮೇಲೆ ಏಳಲಿಲ್ಲ. ಕಾಲೆಳೆಯುತ್ತಾ ನಡೆಯುವವಳನ್ನು ಗುಡಿಸುವ ಕೆಲಸಕ್ಕೆ ಯಾರು ಇಟ್ಟುಕೊಳ್ಳುತ್ತಾರೆ?

ಆ ಮೇಲೆ ನಡೆದದ್ದು ಇನ್ನೂ ಹೇಯ. ಕನ್ನಡಿಯ ಬೆಲೆಯನ್ನು ಗುತ್ತಿಗೆದಾರರು ಯಾರ ಲೆಕ್ಕಕ್ಕೆ ಬರೆದರು? ಕನ್ನಡಿ ಹಾಕುವಾಗ ಕೆಳಗಿನಿಂದ ಎತ್ತಿ ಹಿಡಿದಿದ್ದ ಹದಿನೆಂಟು ವರ್ಷದ ಸಹಾಯಕ ಹುಡುಗನ ಲೆಕ್ಕಕ್ಕೆ. ನಾನು ಕೆಲಸ ಬಲ್ಲವನು, ನಾನು ಬಿಟ್ಟುಹೋದರೆ ಅವರಿಗೆ ನಷ್ಟ. ಆ ಹುಡುಗ ಹೋದರೆ ಇನ್ನೊಬ್ಬ ಸಿಗುತ್ತಾನೆ. ಆದ್ದರಿಂದ ಅವನ ಕೂಲಿ ಹಿಡಿದರು. ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಆ ಭಾನುವಾರ ಆರಾಧನೆಯಲ್ಲಿ ನನಗೆ ಹಾಡಲು ಬಾಯಿ ಬರಲಿಲ್ಲ. ಯಾಕೋಬನು ತನ್ನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಹಿಡಿದಿಟ್ಟ ಕೂಲಿಯು ತಾನೇ ಕೂಗುತ್ತದೆಂದೂ ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದೂ ಬರೆದಿದ್ದಾನೆ. ಹಿಡಿದವನ ವಿರುದ್ಧ ಮಾತ್ರವೋ, ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತವನ ವಿರುದ್ಧವೂ ಕೂಗುತ್ತದೆಯೋ ಎಂದು ನಾನು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಹಣೆಬರಹ ಎನ್ನುವವರಿಗೆ

ಆ ಅಕ್ಕನನ್ನು ನೋಡಲು ಹೋದವರೆಲ್ಲ ಒಂದೇ ಮಾತು ಹೇಳಿದರು: “ಆಕೆಯ ಹಣೆಯಲ್ಲಿ ಬರೆದಿತ್ತು.” ಒಬ್ಬ ಪ್ರಾರ್ಥನಾ ಮುಖಂಡರು ಇನ್ನೂ ಮುಂದೆ ಹೋಗಿ, ಯಾವುದೋ ಪಾಪಕ್ಕೆ ದೇವರು ಕೊಟ್ಟ ಎಚ್ಚರಿಕೆ ಎಂದರು! ಸಹೋದರರೇ, ಈ ಮಾತಿಗೆ ನಮ್ಮ ಕರ್ತನೇ ಉತ್ತರ ಕೊಟ್ಟಿದ್ದಾನೆ. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ತೆಗೆದು ನೋಡಿರಿ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಸತ್ತವರು ಯೆರೂಸಲೇಮಿನ ಉಳಿದ ಜನರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ತಿಳಿಯಬೇಡಿರೆಂದು ಯೇಸು ಸ್ವಾಮಿ ಖಂಡಿತವಾಗಿ ಹೇಳಿದನು; ಬದುಕಿ ಉಳಿದವರೇ ತಮ್ಮ ಮನಸ್ಸು ತಿರುಗಿಸಿಕೊಳ್ಳಬೇಕೆಂದು ಹೇಳಿದನು. ಬಿದ್ದ ಗೋಡೆಯ ಕೆಳಗೆ ಸಿಕ್ಕಿದವರ ಪಾಪವನ್ನು ಹುಡುಕುವ ಕೆಲಸ ನಮ್ಮದಲ್ಲ. ಉಳಿದ ನಾವು ಏನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳುವುದೇ ನಮ್ಮ ಕೆಲಸ.

ಇದಕ್ಕಿಂತ ನೇರವಾದ ಆಜ್ಞೆಯೂ ಇದೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನವನ್ನು ಎಷ್ಟು ಜನ ಓದಿದ್ದೀರಿ? ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಲೇಬೇಕು. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಆ ಮನೆಗೆ ಬರುತ್ತದೆ. ಬಿದ್ದವನಿಗೆ ಅಲ್ಲ, ಕಟ್ಟಿಸಿದವನ ಮನೆಗೆ! ಎಲ್ಲಿ ಬೀಳುವ ಸಂಭವವಿದೆ ಎಂದು ಮೊದಲೇ ಯೋಚಿಸಿ ಕಟ್ಟುವುದು ದೇವರ ಧರ್ಮಶಾಸ್ತ್ರದಲ್ಲಿ ಸೇರಿದ ಮಾತು. ಮಾಳಿಗೆಗೆ ಸಲ್ಲುವುದು ಕನ್ನಡಿಗೆ ಸಲ್ಲದೇ?

ಭಾರ ಎಷ್ಟು, ಗೋಡೆ ಯಾವುದು

ಈಗ ಲೆಕ್ಕಕ್ಕೆ ಬರೋಣ. ಹಣೆಬರಹವೆಂಬ ಮಾತಿಗೆ ಲೆಕ್ಕವೇ ಮದ್ದು.

ಒಂದು ಚದರ ಮೀಟರು ಗಾಜು, ಒಂದು ಮಿಲಿಮೀಟರು ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಅಡಿಗೆ ಮೂರು ಅಡಿಯ, 5 ಮಿ.ಮೀ. ದಪ್ಪದ ಕನ್ನಡಿ ಸುಮಾರು 14 ಕಿಲೋ. ಆರು ಅಡಿಗೆ ನಾಲ್ಕು ಅಡಿಯ, 6 ಮಿ.ಮೀ. ದಪ್ಪದ್ದಾದರೆ 33 ಕಿಲೋ. ಅದರ ಬೆನ್ನಿಗೆ 12 ಮಿ.ಮೀ. ಪ್ಲೈವುಡ್ ಕೊಟ್ಟರೆ ಒಟ್ಟು ಸುಮಾರು 50 ಕಿಲೋ, ಅಂದರೆ ಒಂದು ಸಿಮೆಂಟು ಮೂಟೆ. ಒಂದು ಮೂಟೆ ಸಿಮೆಂಟನ್ನು ನಾಲ್ಕು ಸಣ್ಣ ಸ್ಕ್ರೂಗಳ ಮೇಲೆ ನಿಮ್ಮ ತಲೆಯ ಎತ್ತರಕ್ಕೆ ನೇತುಹಾಕಿ, ಅದರ ಕೆಳಗೆ ಹಲ್ಲುಜ್ಜುತ್ತೀರಾ? ಕನ್ನಡಿ ತೆಳ್ಳಗೆ ಹೊಳೆಯುವುದರಿಂದ ಅದು ಮೂಟೆಯೆಂದು ನಮಗೆ ಕಾಣುವುದಿಲ್ಲ, ಅಷ್ಟೆ.

ಒಂದು ಇಂಚಿನ ಸ್ಕ್ರೂ ಎಂದರೆ 25 ಮಿ.ಮೀ. ಬಚ್ಚಲ ಗೋಡೆಯಲ್ಲಿ ಟೈಲ್ಸು 8 ಮಿ.ಮೀ., ಅದರ ಹಿಂದಿನ ಗಾರೆ 12, ಅದರ ಹಿಂದೆ ಗೋಡೆಯ ಪ್ಲಾಸ್ಟರು ಇನ್ನೊಂದು 12 ಎಂದು ಹಿಡಿಯಿರಿ. ಒಟ್ಟು 32. ಆ ಸ್ಕ್ರೂ ಇಟ್ಟಿಗೆಯ ಮುಖವನ್ನೇ ನೋಡಲಿಲ್ಲ! ಅದು ಹಿಡಿದಿರುವುದು ಗಾರೆಯನ್ನು ಮಾತ್ರ. ನೀರಿನ ಪಸೆ ಏರಿ ಗಾರೆ ಸಡಿಲವಾದ ದಿನ ಸ್ಕ್ರೂ ಹಲ್ಲು ಬಿದ್ದಂತೆ ಬೀಳುತ್ತದೆ. ನನ್ನ ಕನ್ನಡಿ ಬಿದ್ದದ್ದು ಹೀಗೆ. ಮೂರು ಇಂಚಿನ ಸ್ಕ್ರೂ ಹಾಕಿದ್ದರೆ ಒಂದೂವರೆ ಇಂಚಿಗೂ ಹೆಚ್ಚು ಇಟ್ಟಿಗೆಯೊಳಗೆ ಕೂರುತ್ತಿತ್ತು. ಆ ಎರಡಿಂಚು ಕಬ್ಬಿಣದ ಬೆಲೆಯನ್ನು ಉಳಿಸಲು ಒಬ್ಬ ಹೆಂಗಸಿನ ಕಾಲು ಹೋಯಿತು.

ಗೋಡೆಗಳೂ ಒಂದೇ ಜಾತಿಯಲ್ಲ. ನಮ್ಮ ಕಡೆಯ ಹಳೆಯ ಸೈಜುಗಲ್ಲಿನ ಗೋಡೆಯಾದರೆ ಕಲ್ಲಿನಲ್ಲೇ ಕೊರೆಯಬೇಕು, ಸಂದಿನ ಗಾರೆಯಲ್ಲಿ ಅಲ್ಲ. ಸುಟ್ಟ ಇಟ್ಟಿಗೆಗೂ ಅದೇ ನಿಯಮ. ಈಗ ಬಾಡಿಗೆ ಲೈನುಗಳಿಗೆಲ್ಲ ಹಾಕುವ ಹಾಲೋ ಬ್ಲಾಕು ಒಳಗೆ ಟೊಳ್ಳು. ಸಾದಾ ಪ್ಲಾಸ್ಟಿಕ್ ಪ್ಲಗ್ಗು ಅಲ್ಲಿ ಸುಮ್ಮನೆ ತಿರುಗುತ್ತದೆ. ಹಿಂದೆ ಹೋಗಿ ರೆಕ್ಕೆ ಬಿಚ್ಚುವ ಟಾಗಲ್ ಬೋಲ್ಟು ಬೇಕು, ಇಲ್ಲವೇ ಆ ಟೊಳ್ಳನ್ನು ಒಡೆದು ಕಾಂಕ್ರೀಟು ತುಂಬಿ, ಒಂದು ವಾರ ಗಟ್ಟಿಯಾಗಲು ಬಿಟ್ಟು, ಆಮೇಲೆ ಕೊರೆಯಬೇಕು. ಹಗುರವಾದ ಎ.ಎ.ಸಿ. ಬ್ಲಾಕು ಬ್ರೆಡ್ಡಿನಂತೆ ಪುಡಿಯಾಗುವ ವಸ್ತು. ಸುತ್ತಿಗೆಯ ಹೊಡೆತವಿಲ್ಲದೆ ಕೊರೆದು, ಅದಕ್ಕೆಂದೇ ಬರುವ ಉದ್ದ ಪ್ಲಗ್ಗು ಹಾಕಬೇಕು. ಯಾವ ಗೋಡೆಯೆಂದು ಕೇಳದೆ ಕೆಲಸ ಹೇಳುವ ಮಾಲೀಕನಿಗೂ, ಕೇಳದೆ ಕೊರೆಯುವ ಕೆಲಸಗಾರನಿಗೂ ನಾನು ಒಂದೇ ಮಾತು ಹೇಳುತ್ತೇನೆ: ಇದು ಕೆಲಸವಲ್ಲ, ಜೂಜು.

ಅಂಟಿನ ಸುಳ್ಳು

“ಈಗ ಒಳ್ಳೊಳ್ಳೆ ಅಂಟು ಬಂದಿದೆ ಅಣ್ಣಾ, ಸ್ಕ್ರೂ ಯಾಕೆ?” ಎಂದು ಚಿಕ್ಕ ಹುಡುಗರು ನನ್ನನ್ನು ಕೇಳುತ್ತಾರೆ. ಅಂಟನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಅಂಟು ಯಾವುದಕ್ಕೆ ಅಂಟಿದೆ ಎಂದು ನೋಡಿರಿ. ಮುಂದೆ ಅದು ಕನ್ನಡಿಯ ಬೆನ್ನಿನ ಬಣ್ಣಕ್ಕೆ ಅಂಟಿದೆ, ಹಿಂದೆ ಟೈಲ್ಸಿಗೆ ಅಂಟಿದೆ. ಆ ಬಣ್ಣ ಕಿತ್ತು ಬಂದರೆ? ಆ ಟೈಲ್ಸೇ ಗೋಡೆಯನ್ನು ಬಿಟ್ಟಿದ್ದರೆ? ಬೆರಳ ಗಂಟಿನಿಂದ ತಟ್ಟಿ ನೋಡಿದರೆ ಎಷ್ಟು ಟೈಲ್ಸುಗಳು ಪೊಳ್ಳು ಸದ್ದು ಕೊಡುತ್ತವೆಂದು ನಮ್ಮವರಿಗೆ ಗೊತ್ತು. ಪೊಳ್ಳು ಟೈಲ್ಸಿಗೆ ಎಷ್ಟು ಒಳ್ಳೆಯ ಅಂಟು ಬಳಿದರೂ ಕನ್ನಡಿ ಟೈಲ್ಸನ್ನೂ ಎಳೆದುಕೊಂಡೇ ಬೀಳುತ್ತದೆ.

ಇನ್ನೊಂದು. ಹುಳಿ ವಾಸನೆ, ವಿನೆಗರಿನ ವಾಸನೆ ಬರುವ ಅಗ್ಗದ ಸಿಲಿಕೋನು ಒಣಗುವಾಗ ಆಮ್ಲವನ್ನು ಬಿಡುತ್ತದೆ. ಅದು ಕನ್ನಡಿಯ ಬೆನ್ನಿನ ಬೆಳ್ಳಿ ಲೇಪವನ್ನು ತಿನ್ನುತ್ತದೆ. ಕೆಲವು ತಿಂಗಳಿಗೆ ಕಪ್ಪು ಕಲೆ ಏಳುತ್ತದೆ. ಕನ್ನಡಿಗೆಂದೇ ಮಾಡಿದ, ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನು ಬೇರೆ ಸಿಗುತ್ತದೆ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಬೇಕು. ಅಂಟು ಕನ್ನಡಿಯನ್ನು ಅಲುಗದಂತೆ ಹಿಡಿಯಲಿ, ಆದರೆ ಭಾರವನ್ನು ಹೊರಬೇಕಾದದ್ದು ಕೆಳಗಿನ ಆಧಾರ.

ಸರಿಯಾದ ಕ್ರಮ ಹೀಗಿದೆ. ನಲ್ಲಿಯ ನೇರ ಮೇಲೆ ನೀರಿನ ಪೈಪು, ಸ್ವಿಚ್ಚಿನ ನೇರ ಮೇಲೆ ಕರೆಂಟಿನ ತಂತಿ ಹೋಗಿರುತ್ತದೆ. ಅಲ್ಲಿ ಕೊರೆಯಬಾರದು. ನೀರಿನ ಟ್ಯೂಬಿನಿಂದಲೋ ರಸಮಟ್ಟದಿಂದಲೋ ಮಟ್ಟ ಹಿಡಿದು ಗುರುತು ಹಾಕಿ, ಟೈಲ್ಸಿನ ಮೇಲೆ ಡ್ರಿಲ್ಲಿನ ಮೊನೆ ಜಾರದಂತೆ ಅಂಟುಪಟ್ಟಿ ಹಚ್ಚಿ, ಟೈಲ್ಸು ದಾಟುವವರೆಗೆ ಡ್ರಿಲ್ಲಿನ ಹೊಡೆತವನ್ನು ನಿಲ್ಲಿಸಿ ನಿಧಾನವಾಗಿ ಕೊರೆಯಬೇಕು. ಕನ್ನಡಿಯ ಪೂರ್ತಿ ಅಗಲಕ್ಕೆ ಕೆಳಗೆ ಅಲ್ಯೂಮಿನಿಯಂ ಚಾನೆಲ್ಲು ಕೂರಿಸಿ, ಅದರಲ್ಲಿ ನೀರು ನಿಲ್ಲದಂತೆ ಸಣ್ಣ ತೂತು ಬಿಟ್ಟು, ಗಾಜಿನ ಕೆಳಗೆ ರಬ್ಬರು ತುಂಡು ಇಡಬೇಕು. ಮೇಲೆ ಮುಂದಕ್ಕೆ ಬಾಗದಂತೆ ಕ್ಲಿಪ್ಪು. ಬೆನ್ನಿಗೂ ಗೋಡೆಗೂ ನಡುವೆ ಗಾಳಿ ಆಡಲು 3 ಮಿ.ಮೀ. ಸಂದು. ಒಡೆದರೂ ಚೂರುಗಳು ಚೂರಿಯಂತೆ ಹಾರದೆ ಹಿಡಿದು ನಿಲ್ಲುವಂತೆ ಕನ್ನಡಿಯ ಬೆನ್ನಿಗೆ ಸುರಕ್ಷಾ ಪೊರೆ ಇರುವುದನ್ನೇ ತರಿಸಬೇಕು. ಪ್ಲೈವುಡ್ ಬೆನ್ನಿನ ಭಾರದ ಕನ್ನಡಿಯಾದರೆ ಉದ್ದಕ್ಕೆ ಓರೆಯಾಗಿ ಸೀಳಿದ ಎರಡು ಮರದ ಪಟ್ಟಿ ಮಾಡಿ, ಒಂದನ್ನು ಗೋಡೆಗೆ, ಒಂದನ್ನು ಕನ್ನಡಿಯ ಬೆನ್ನಿಗೆ ಬಿಗಿದು, ಒಂದರ ಮೇಲೊಂದು ಕಚ್ಚಿ ಕೂರುವಂತೆ ಹಾಕಬೇಕು.

ಎತ್ತುವಾಗ ಕನ್ನಡಿಯನ್ನು ನಿಲ್ಲಿಸಿಯೇ ಹಿಡಿಯಬೇಕು. ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯುತ್ತದೆ. ದೊಡ್ಡ ಕನ್ನಡಿಗೆ ಇಬ್ಬರಿಗೆ ಕಡಿಮೆ ಜನ ಕೂಡದು. ಕೈಗೆ ಗವಸು, ಕಾಲಿಗೆ ಬೂಟು ಇರಲೇಬೇಕು. ಇದಾವುದೂ ದೊಡ್ಡ ವಿದ್ಯೆಯಲ್ಲ. ನಾನು ಕಲಿತದ್ದನ್ನು ಯಾವ ಹುಡುಗನಾದರೂ ಒಂದು ವಾರದಲ್ಲಿ ಕಲಿಯಬಲ್ಲ. ತಪ್ಪಿರುವುದು ವಿದ್ಯೆಯಲ್ಲಿ ಅಲ್ಲ, ಕೊಡುವ ವೇಳೆಯಲ್ಲಿ ಮತ್ತು ಕೂಲಿಯಲ್ಲಿ. ಕನ್ನಡಿಗೆ ಇಷ್ಟೆಂದು ಪೀಸ್ ರೇಟು ಕಟ್ಟಿ, ದಿನಕ್ಕೆ ಇಷ್ಟು ಹಾಕಲೇಬೇಕೆಂದರೆ ಹುಡುಗ ಎಂಟು ತೂತಿನ ಕಡೆ ನಾಲ್ಕು ಕೊರೆಯುತ್ತಾನೆ, ಇಬ್ಬರು ಹೊರುವುದನ್ನು ಒಬ್ಬನೇ ಹೊರುತ್ತಾನೆ. ಹಾಗೆ ಮಾಡಿಸಿದವನು ಆ ಮೇಲೆ “ಕೆಲಸಗಾರರ ಅಜಾಗ್ರತೆ” ಎಂದು ಬರೆಯುತ್ತಾನೆ!

ಕನ್ನಡಿಯ ಹೊಳಪಿನ ಹಿಂದೆ

ಕನ್ನಡಿಗಾಗಿ ದುಡಿಯುವವರ ಮೈ ಸವೆದದ್ದು ಇಂದು ನಿನ್ನೆಯ ಕಥೆಯಲ್ಲ. ಹಿಂದೆ ಯೂರೋಪಿನಲ್ಲಿ ಗಾಜಿನ ಬೆನ್ನಿಗೆ ತವರ ಮತ್ತು ಪಾದರಸ ಬಳಿದು ಕನ್ನಡಿ ಮಾಡುತ್ತಿದ್ದರು. ಆ ಆವಿ ಕುಡಿದ ಕೆಲಸಗಾರರ ಕೈಕಾಲು ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು. 1835ರಲ್ಲಿ ಲೀಬಿಗ್ ಎಂಬ ಜರ್ಮನ್ ರಸಾಯನ ಪಂಡಿತನು ಗಾಜಿನ ಮೇಲೆ ಬೆಳ್ಳಿಯನ್ನು ಕೂರಿಸುವ ರೀತಿ ಕಂಡುಹಿಡಿದ. ಆದರೂ ಪಾದರಸದ ಕೆಲಸ ಕೂಡಲೇ ನಿಲ್ಲಲಿಲ್ಲ, ಇನ್ನೂ ಹಲವು ದಶಕ ನಡೆಯಿತು. ಹಾನಿಯಿಲ್ಲದ ದಾರಿ ಗೊತ್ತಿದ್ದರೂ ಹಾನಿಯ ದಾರಿಯಲ್ಲೇ ಜನರನ್ನು ದುಡಿಸಿದರು.

ಅದೇ ಪಾದರಸ ನಮ್ಮ ತಮಿಳುನಾಡಿಗೂ ಬಂತು. ಕೊಡೈಕೆನಾಲಿನ ಉಷ್ಣಮಾಪಕ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದು ಕಾಯಿಲೆ ಬಿದ್ದೆವೆಂದ ಜನ ಸುಮ್ಮನಾಗದೆ ವರ್ಷಗಟ್ಟಲೆ ಓಡಾಡಿದರು. 591 ಮಂದಿ ಮಾಜಿ ಕಾರ್ಮಿಕರೊಡನೆ ಕಂಪನಿ ಒಪ್ಪಂದ ಮಾಡಿಕೊಂಡದ್ದು 2016ರಲ್ಲಿ, ಹದಿನೈದು ವರ್ಷದ ಮೇಲೆ. ಒಬ್ಬೊಬ್ಬರಾಗಿ ಹೋಗಿದ್ದರೆ ಆ ಬಾಗಿಲು ಎಂದಿಗೂ ತೆರೆಯುತ್ತಿರಲಿಲ್ಲ.

ಕೂಲಿಯವರಿಗೆ ಕನ್ನಡಿ ಏಕೆ ಎನ್ನುವವರಿಗೆ

ನಮ್ಮಲ್ಲೇ ಕೆಲವರು ಇನ್ನೊಂದು ವಾದ ಹೂಡುತ್ತಾರೆ. ಹೆಣ್ಣುಮಕ್ಕಳ ಬಚ್ಚಲಲ್ಲಿ ಅಷ್ಟು ದೊಡ್ಡ ಕನ್ನಡಿ ಇರುವುದೇ ಡಂಭ, ತೆಗೆಸಿಬಿಟ್ಟರೆ ಅಪಾಯವೂ ಇಲ್ಲ, ಶೋಕಿಯೂ ಇಲ್ಲ ಎಂಬುದು ಅವರ ಮತ. ಒಂದು ಲೈನಿನಲ್ಲಿ ಹೀಗೆ ಹೇಳಿ ತೆಗೆಸಿಯೂ ಬಿಟ್ಟರು. ಮಾಲೀಕನಿಗೆ ಖರ್ಚು ಉಳಿಯಿತು, ಹಿರಿಯರಿಗೆ ಭಕ್ತಿ ಉಳಿಯಿತು, ನಲವತ್ತು ಹೆಣ್ಣುಮಕ್ಕಳು ಒಂದು ಅಂಗೈ ಅಗಲದ ಕನ್ನಡಿಗೆ ಬೆಳಗಿನ ಪಾಳಿಯ ಹೊತ್ತಿಗೆ ಸಾಲು ನಿಂತರು.

ಈ ಹಿರಿಯರು ವಿಮೋಚನಕಾಂಡದ 38ನೆಯ ಅಧ್ಯಾಯದ 8ನೆಯ ವಚನವನ್ನು ಓದಲಿ. ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರು ಕೊಟ್ಟ ತಾಮ್ರದ ಕನ್ನಡಿಗಳಿಂದಲೇ ಯಾಜಕರು ಕೈಕಾಲು ತೊಳೆಯುವ ಗಂಗಾಳವನ್ನು ಮಾಡಿದರು. ನೋಡಿರಿ, ಸೇವೆಯ ಹೆಣ್ಣುಮಕ್ಕಳ ಬಳಿ ಕನ್ನಡಿಗಳಿದ್ದವು, ದೇವರು ಅವರನ್ನು ಡಂಭಗಾರ್ತಿಯರೆಂದು ಓಡಿಸಲಿಲ್ಲ. ಅವರ ಕನ್ನಡಿಗೆ ತನ್ನ ಗುಡಾರದಲ್ಲಿ, ತೊಳೆಯುವ ಜಾಗದಲ್ಲೇ, ಸ್ಥಾನ ಕೊಟ್ಟನು. ಎಂಟು ಗಂಟೆ ಯಂತ್ರದ ಮುಂದೆ ನಿಂತ ಮಗಳು, ಗುಲಾಬಿ ಮುಳ್ಳಿನಿಂದ ಕೈ ಗೀಚಿಕೊಂಡ ಮಗಳು ತನ್ನ ಮುಖವನ್ನು ತಾನು ನೆಟ್ಟಗೆ ನೋಡಿಕೊಂಡು ತಲೆ ಬಾಚಿಕೊಳ್ಳುವುದು ಶೋಕಿಯಲ್ಲ, ಮರ್ಯಾದೆ. ಕನ್ನಡಿ ಇರಲಿ, ದೊಡ್ಡದೇ ಇರಲಿ, ಆದರೆ ಬೀಳದಂತೆ ಇರಲಿ. ಅಪಾಯದ ಹೆಸರಿನಲ್ಲಿ ಸೌಕರ್ಯವನ್ನೇ ಕಿತ್ತುಕೊಳ್ಳುವುದು ಮಾಲೀಕರ ಹಳೆಯ ಉಪಾಯ. ನಾವು ಭಕ್ತಿಯ ಹೆಸರಿನಲ್ಲಿ ಅದಕ್ಕೆ ಒತ್ತಾಸೆಯಾಗಬಾರದು.

ಕೂಲಿ ಹಿಡಿಯುವವರಿಗೆ

ಒಡೆದ ವಸ್ತುವಿನ ಬೆಲೆಯನ್ನು ಮನಬಂದಂತೆ ಕೂಲಿಯಲ್ಲಿ ಹಿಡಿಯಲು ಯಾರಿಗೂ ಹಕ್ಕಿಲ್ಲ. ನನ್ನ ಕಾಲದಲ್ಲೂ 1936ರ ವೇತನ ಪಾವತಿ ಕಾಯಿದೆ ಇತ್ತು, ನಮಗೆ ತಿಳಿದಿರಲಿಲ್ಲ. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲೂ ನಿಯಮ ಇದೇ: ವಸ್ತುವನ್ನು ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟವು ನೇರವಾಗಿ ಅವನದೇ ಅಲಕ್ಷ್ಯದಿಂದ ಆಗಿರಬೇಕು, ಹಿಡಿಯುವ ಮೊದಲು ಅವನ ಮಾತನ್ನು ಕೇಳಲೇಬೇಕು, ಆದ ನಷ್ಟಕ್ಕಿಂತ ಒಂದು ಪೈಸೆಯೂ ಹೆಚ್ಚು ಹಿಡಿಯಕೂಡದು. ಚಿಕ್ಕ ಸ್ಕ್ರೂ ತಂದುಕೊಟ್ಟು ಅವಸರ ಮಾಡಿದವನು ಯಾರೆಂದು ಆ ಹುಡುಗನು ಬಾಯಿ ಬಿಟ್ಟು ಹೇಳಬಹುದಾಗಿತ್ತು. ನಾನು ಸಾಕ್ಷಿ ಹೇಳಬಹುದಾಗಿತ್ತು.

ಕೆಲಸದ ವೇಳೆ, ಕೆಲಸದ ಕಾರಣದಿಂದ ಗಾಯವಾದರೆ ಪರಿಹಾರ ಕೊಡಬೇಕೆಂಬ ಕಾಯಿದೆ ಈ ದೇಶದಲ್ಲಿ 1923ರಲ್ಲೇ ಬಂತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆ ಅಕ್ಕನಿಗೆ ಸಿಕ್ಕಿದ್ದು ಪರಿಹಾರವಲ್ಲ, ಒಂದು ಸೀರೆ ಮತ್ತು ಒಂದು ಕೊಟ್ಟಣ ಹಣ್ಣು. ಕೊಟ್ಟವರು ಅದನ್ನು ದಾನವೆಂದರು, ನಾವು ಕೈ ಮುಗಿದೆವು. ಹಕ್ಕಿನದನ್ನು ಭಿಕ್ಷೆಯಾಗಿ ಪಡೆದು ಕೈ ಮುಗಿಯುವ ಈ ಅಭ್ಯಾಸ ನಮ್ಮಿಂದ ಯಾವಾಗ ಹೋಗುತ್ತದೆ?

ಈಗ ಮಾಡಬೇಕಾದದ್ದು

ಬರಿ ಬೈದು ಮುಗಿಸಲು ನಾನು ಕೂತಿಲ್ಲ. ಕೆಲಸ ಇದೆ.

ಕನ್ನಡಿ ಹಾಕುವ ತಮ್ಮಂದಿರೇ, ಯಾವ ಗೋಡೆ, ಎಷ್ಟು ಭಾರ ಎಂದು ಕೇಳದೆ ಡ್ರಿಲ್ಲು ಕೈಗೆತ್ತಿಕೊಳ್ಳಬೇಡಿರಿ. ತಕ್ಕ ಸ್ಕ್ರೂ ಇಲ್ಲದಿದ್ದರೆ ಕನ್ನಡಿಯನ್ನು ಗೋಡೆಗೆ ಒರಗಿಸಿ ಕಟ್ಟಿ ಮನೆಗೆ ಹೋಗಿರಿ. ಒಬ್ಬನು ಹೀಗೆ ಹೋದರೆ ನಾಳೆ ಅವನಿಗೆ ಕೆಲಸವಿಲ್ಲ, ನನಗೆ ಗೊತ್ತು. ಆದ್ದರಿಂದಲೇ ನಮ್ಮ ಸಹವಾಸದ ಹುಡುಗರೆಲ್ಲ ಒಟ್ಟಾಗಿ ಇದೇ ಮಾತು ಹೇಳಬೇಕು. ಓರೆ ಪಟ್ಟಿ ಬಿಗಿದ ಮೇಲೆ ಗಾಜು ತೂಗುವ ಮೊದಲು ಅದಕ್ಕೆ ಹಗ್ಗ ಕಟ್ಟಿ, 20 ಲೀಟರಿನ ನೀರಿನ ಕ್ಯಾನುಗಳನ್ನು ನೇತುಹಾಕಿರಿ. ಒಂದೊಂದು 20 ಕಿಲೋ. ಕನ್ನಡಿಯ ಎರಡರಷ್ಟು ಭಾರ ಒಂದು ರಾತ್ರಿ ನಿಂತರೆ ಮಾತ್ರ ಗಾಜನ್ನು ಎತ್ತಿರಿ. ಮತ್ತು ಕಟ್ಟಡ ಕೆಲಸಗಾರರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸದವರು ಈ ತಿಂಗಳೇ ನೋಂದಾಯಿಸಿರಿ.

ವಸತಿನಿಲಯಗಳಲ್ಲಿರುವ ಹೆಣ್ಣುಮಕ್ಕಳೇ, ಕನ್ನಡಿ ಒರೆಸುವ ಅಕ್ಕಂದಿರೇ, ಕನ್ನಡಿಯ ಕೆಳ ಅಂಚಿಗೆ ಆಧಾರವಿದೆಯೇ ನೋಡಿರಿ. ಮೇಲಂಚು ಗೋಡೆಯಿಂದ ಮುಂದೆ ಬಂದಿದ್ದರೆ, ಅಂಚಿನಲ್ಲಿ ಕಪ್ಪು ಕಲೆ ಹಬ್ಬಿದ್ದರೆ, ಮೆಲ್ಲನೆ ಒತ್ತಿದಾಗ ಅಲುಗಿದರೆ ಅದರ ಕೆಳಗೆ ನಿಲ್ಲಬೇಡಿರಿ. ದಿನಾಂಕ ಹಾಕಿ, ಹತ್ತು ಜನ ಸಹಿ ಮಾಡಿ, ಕಾಗದ ಕೊಡಿರಿ, ನಕಲನ್ನು ಇಟ್ಟುಕೊಳ್ಳಿರಿ. ಬಾಯಿಮಾತು ಬಿದ್ದ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ಸಭೆಯ ಹಿರಿಯರೇ, ನಮ್ಮ ಸಭಾಗೃಹದ ಹಿಂದಿನ ಕೈತೊಳೆಯುವ ಜಾಗದಲ್ಲೂ ಒಂದು ಕನ್ನಡಿ ಇದೆ. ದಾನ ಕೊಟ್ಟವರ ಹೆಸರು ಅದರ ಮೇಲೆ ಕೆಂಪು ಅಕ್ಷರದಲ್ಲಿ ಚೆನ್ನಾಗಿ ಬರೆದಿದೆ. ಅದನ್ನು ಹಿಡಿದಿರುವುದು ಎರಡು ಮೊಳೆ. ಭಾನುವಾರ ಶಾಲೆಯ ಮಕ್ಕಳು ಅದರ ಕೆಳಗೆ ನೂಕಾಡುತ್ತಾರೆ. ಮುಂದಿನ ಶನಿವಾರ ಸಂಜೆ ನಾನು ಡ್ರಿಲ್ಲು, ಮೂರು ಇಂಚಿನ ಸ್ಕ್ರೂ, ಚಾನೆಲ್ಲು ತರುತ್ತೇನೆ. ಇಬ್ಬರು ಹುಡುಗರು ಬರಲಿ, ಕಲಿಯಲಿ. ಕೂಲಿ ಬೇಡ. ಗೋಡೆ ಹಾಲೋ ಬ್ಲಾಕಿನದಾದ್ದರಿಂದ ಒಂದು ವಾರ ಹೆಚ್ಚು ಹಿಡಿಯುತ್ತದೆ. ಅಷ್ಟರವರೆಗೆ ಕನ್ನಡಿಯನ್ನು ಇಳಿಸಿ ಒಳಗಿನ ಕೋಣೆಯಲ್ಲಿ ನಿಲ್ಲಿಸಿ ಇಡೋಣ.